ಪಿಎಸ್‌ಎ ಇಳಿದ ಮೇಲೂ ಎಂಆರ್‌ಐನಲ್ಲಿ ನಾನು ಹುಡುಕುವುದೇನು

"ಡಾಕ್ಟ್ರೇ, ಪಿಎಸ್‌ಎ 40 ಇದ್ದದ್ದು ಈಗ 1ಕ್ಕಿಂತ ಕೆಳಗೆ ಬಂದಿದೆ. ಕಾಯಿಲೆ ಹೋಯ್ತು ಅಲ್ವಾ?" ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೆಲವು ತಿಂಗಳು ಗಂಡು ಹಾರ್ಮೋನ್ ತಡೆಯುವ ಇಂಜೆಕ್ಷನ್ ತಗೊಂಡು, ಆಪರೇಷನ್‌ಗೆ ಮುಂಚೆ ಮತ್ತೆ ಸ್ಕ್ಯಾನ್‌ಗೆ ಬಂದವರು ಹೀಗೆ ಕೇಳುತ್ತಾರೆ. ರೇಡಿಯಾಲಜಿಸ್ಟ್ ಆಗಿ ನಾನು ಅಷ್ಟು ಬೇಗ ಹೂಂ ಅನ್ನುವುದಿಲ್ಲ.

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯ ಕೋಶಗಳು ಮಾಡುವ, ರಕ್ತ ಪರೀಕ್ಷೆಯಲ್ಲಿ ಅಳೆಯುವ ಒಂದು ಪ್ರೋಟೀನ್. ಅದು ತಯಾರಾಗುವುದೇ ಗಂಡು ಹಾರ್ಮೋನಿನ ಬಲದಿಂದ. ಇಂಜೆಕ್ಷನ್ ಆ ಹಾರ್ಮೋನನ್ನು ತಡೆದರೆ, ಇನ್ನೂ ಬದುಕಿರುವ ಕ್ಯಾನ್ಸರ್ ಕೋಶಗಳೂ ಪಿಎಸ್‌ಎ ಮಾಡುವುದನ್ನು ಕಡಿಮೆ ಮಾಡುತ್ತವೆ. ಅಂಕಿ ಇಳಿಯುವುದು ಒಳ್ಳೆಯ ಸುದ್ದಿ, ನಿಜ. ಆದರೆ ಗಡ್ಡೆ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಅಂದ ಹಾಗೆ, ಆಪರೇಷನ್‌ಗೆ ಮುಂಚೆ ಈ ಇಂಜೆಕ್ಷನ್ ಕೊಡುವುದು ಎಲ್ಲರಿಗೂ ಮಾಡುವ ಕ್ರಮವಲ್ಲ. ಅಪಾಯ ಜಾಸ್ತಿ ಇರುವ ಕ್ಯಾನ್ಸರ್‌ನಲ್ಲಿ, ಅದೂ ಹೆಚ್ಚಾಗಿ ಸಂಶೋಧನೆಯ ಭಾಗವಾಗಿ ಮಾಡುತ್ತಾರೆ.

ನನ್ನ ಕೆಲಸ ಶುರುವಾಗುವುದು ಮೊದಲ ಇಂಜೆಕ್ಷನ್‌ಗಿಂತ ಮುಂಚೆ. ಆಗಿನ ಸ್ಕ್ಯಾನ್ ಚೆನ್ನಾಗಿಲ್ಲದಿದ್ದರೆ ಮುಂದಿನದನ್ನು ಯಾವುದಕ್ಕೆ ಹೋಲಿಸುವುದು? ಆದಷ್ಟೂ ಬಯಾಪ್ಸಿಗೆ ಮೊದಲೇ ಸ್ಕ್ಯಾನ್ ಮಾಡಿಸಿ ಅನ್ನುತ್ತೇನೆ. ಬಯಾಪ್ಸಿ ಆದಮೇಲೆ ಒಳಗೆ ನಿಂತ ರಕ್ತ ಚಿತ್ರವನ್ನು ಗೊಂದಲ ಮಾಡುತ್ತದೆ, ಅದು ಕರಗಲು ಆರು ವಾರವಾದರೂ ಬೇಕು. ಎರಡನೇ ಸಲವೂ ಅದೇ ಮಷೀನು, ಅದೇ ಸೆಟ್ಟಿಂಗ್ ಇರಬೇಕು. ಸ್ಕ್ಯಾನ್‌ಗೆ ಮುಂಚೆ ಮಲವಿಸರ್ಜನೆ ಮಾಡಿಕೊಂಡು ಬನ್ನಿ ಅಂತಲೂ ಹೇಳುತ್ತೇನೆ. ಗುದದಲ್ಲಿ ಗ್ಯಾಸ್ ತುಂಬಿದ್ದರೆ ಡಿಫ್ಯೂಷನ್ ಚಿತ್ರ, ಅಂದರೆ ಅಂಗಾಂಶದೊಳಗೆ ನೀರಿನ ಕಣಗಳ ಓಡಾಟ ತೋರಿಸುವ ಎಂಆರ್‌ಐ ಚಿತ್ರ, ಸೊಟ್ಟಗಾಗುತ್ತದೆ. ನಮಗೆ ಬೇಕಾಗಿರುವುದೇ ಆ ಚಿತ್ರ.

ಯಾಕೆ ಅಂತ ಒಬ್ಬರ ಸ್ಕ್ಯಾನ್ ಇಟ್ಟುಕೊಂಡು ಹೇಳುತ್ತೇನೆ. ಚಿಕಿತ್ಸೆಗೆ ಮುಂಚೆ, ಗ್ರಂಥಿಯ ರಚನೆ ತೋರಿಸುವ ಟಿ2 ಅನ್ನುವ ಎಂಆರ್‌ಐ ಚಿತ್ರದಲ್ಲಿ ಗ್ರಂಥಿಯ ಹೊರಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಎಡಗಡೆ 18 ಮಿ.ಮೀ. ಕಪ್ಪು ಗಡ್ಡೆ ಎದ್ದು ಕಾಣುತ್ತಿತ್ತು. ಇಂಜೆಕ್ಷನ್‌ಗಳ ನಂತರ ಇಡೀ ಗ್ರಂಥಿ ಕುಗ್ಗಿತ್ತು, ಬಿಳಿ ಭಾಗವೂ ಮಂಕಾಗಿತ್ತು. ಗಡ್ಡೆ ಯಾವುದು, ಆರೋಗ್ಯದ ಭಾಗ ಯಾವುದು ಅಂತ ಟಿ2ನಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಎರಡೂ ಸ್ಕ್ಯಾನ್ ಅಕ್ಕಪಕ್ಕ ತೆರೆದು, ಹಳೇ ಗಡ್ಡೆ ಇದ್ದ ಜಾಗಕ್ಕೇ ಹೋಗಿ ಎಡಿಸಿ, ಅಂದರೆ ಡಿಫ್ಯೂಷನ್ ಚಿತ್ರದಿಂದ ಸಿಗುವ ನೀರಿನ ಓಡಾಟದ ಅಂಕಿ, ಅಳೆದೆ. ಕೋಶಗಳು ಒತ್ತೊತ್ತಾಗಿ ತುಂಬಿದ್ದರೆ ನೀರಿನ ಕಣಗಳಿಗೆ ಓಡಾಡಲು ಜಾಗ ಸಾಲದು, ಎಡಿಸಿ ತಗ್ಗುತ್ತದೆ. ಕೋಶಗಳು ಸತ್ತು ಸಡಿಲವಾದರೆ ಏರುತ್ತದೆ. ಅವರದ್ದು ಮೊದಲು 700ರ ಹತ್ತಿರ ಇತ್ತು. ಈಗ ಬಹುಪಾಲು ಜಾಗದಲ್ಲಿ 1000 ದಾಟಿತ್ತು. ಆದರೆ ಗ್ರಂಥಿಯ ಹೊರಪದರಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಚುಕ್ಕೆ ಇನ್ನೂ ತಗ್ಗಿನಲ್ಲೇ ಇತ್ತು. ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟಾಗ ಅದೇ ಚುಕ್ಕೆ ಬೇಗ ಬೆಳಗಿತು.

ಆಪರೇಷನ್ ಆದಮೇಲೆ ಪೆಥಾಲಜಿಸ್ಟ್ ಜೊತೆ ಕೂತು ಸ್ಲೈಡ್ ನೋಡಿದೆ. ಆ ಚುಕ್ಕೆಯಲ್ಲಿ ಕ್ಯಾನ್ಸರ್ ಇತ್ತು. ಅದರ ಸುತ್ತ, ನನ್ನ ಚಿತ್ರದಲ್ಲಿ ಏನೂ ಕಾಣದ ಕಡೆಯೂ, ಬಿಡಿಬಿಡಿಯಾಗಿ ಚದುರಿದ ಕೋಶಗಳಿದ್ದವು. ಚಿಕಿತ್ಸೆ ಆದಮೇಲೆ ಎಂಆರ್‌ಐ ಉಳಿದ ಕಾಯಿಲೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಹಾಗಾಗಿ "ಗಡ್ಡೆ ಕಾಣುತ್ತಿಲ್ಲ" ಅಂತ ಬರೆಯುತ್ತೇನೆ, "ಕ್ಯಾನ್ಸರ್ ಇಲ್ಲ" ಅಂತ ಯಾವತ್ತೂ ಬರೆಯುವುದಿಲ್ಲ. ಎಂಆರ್‌ಐನಲ್ಲಿ ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ ಪೈ-ರಾಡ್ಸ್ ಅಂಕವನ್ನೂ ಎರಡನೇ ಸ್ಕ್ಯಾನ್‌ಗೆ ಕೊಡುವುದಿಲ್ಲ. ಅದನ್ನು ರೂಪಿಸಿದ್ದು ಚಿಕಿತ್ಸೆ ಆಗದ ಗ್ರಂಥಿಗೆ.

ಸರ್ಜನ್‌ಗೆ ಮುಖ್ಯವಾಗಿ ಬೇಕಾಗುವುದು ಹೊರಪದರದ ವಿಷಯ. ನಿಮಿರುವಿಕೆಯ ನರಗಳು ಅದರ ಪಕ್ಕದಲ್ಲೇ ಹೋಗುತ್ತವೆ. ಉಳಿಸಬಹುದೇ ಅಂತ ಕೇಳಿದಾಗ ನಾನು ಎರಡನೇ ಸ್ಕ್ಯಾನ್ ಒಂದನ್ನೇ ನಂಬಿ ಉತ್ತರ ಕೊಡುವುದಿಲ್ಲ, ಮೊದಲು ಗಡ್ಡೆ ಎಲ್ಲಿಯವರೆಗೆ ಮುಟ್ಟಿತ್ತು ಅನ್ನುವುದನ್ನೂ ತೋರಿಸುತ್ತೇನೆ. ಅದಕ್ಕೇ ರೋಗಿಗಳಿಗೆ ಹೇಳುವುದು: ಹಳೇ ರಿಪೋರ್ಟ್, ಫಿಲ್ಮ್ ಮಾತ್ರ ತಂದರೆ ಸಾಲದು, ಮೊದಲ ಸ್ಕ್ಯಾನಿನ ಸಿಡಿಯನ್ನೂ ತನ್ನಿ.