ಫ್ಯಾನ್ ತಿರಗ್ತದ, ಲೈಟ್ ಹತ್ತವಲ್ದು: ಹಳೇ ಸ್ಲೈಡ್ ಪ್ರೊಜೆಕ್ಟರ್ ಬಿಚ್ಚಿದ ನನ್ನ ಅನುಭವ

ಫಿಲ್ಮಿನ ಚಿತ್ರ ಗ್ವಾಡಿ ಮ್ಯಾಲೆ ದೊಡ್ಡದಾಗಿ ತೋರಸೋ ಹಳೇ ಸ್ಲೈಡ್ ಪ್ರೊಜೆಕ್ಟರ್ ತೊಗೊಂಡವ್ರು ಲೈಟ್ ಹತ್ತಲಿಲ್ಲ ಅಂದ ಕೂಡ್ಲೆ ಮೊದ್ಲು ಬಲ್ಬ್ ಆರ್ಡರ್ ಮಾಡ್ತಾರ. ಸ್ವಲ್ಪ ತಡೀರಿ. ನನ್ನ ಮಷಿನ್‌ದಾಗ ಬಲ್ಬ್ ಬರೋಬ್ಬರಿ ಇತ್ತು, ವೋಲ್ಟೇಜೂ ಬರೋಬ್ಬರಿ ಬರ್ಲಾಕತ್ತಿತ್ತು, ಆದ್ರೂ ಹತ್ತವಲ್ದು.

ಮಷಿನ್ ಜರ್ಮನಿದು, 24 ವೋಲ್ಟ್ 150 ವ್ಯಾಟ್ ಹ್ಯಾಲೋಜನ್ ಬಲ್ಬ್ ಹಾಕೋದು, ಕಲಬುರಗಿ ಒಳಗೇ ಒಬ್ಬರು ಮನಿ ಖಾಲಿ ಮಾಡೋ ಮುಂದ ಗುಜರಿಗೆ ಹಾಕ್ಲಾಕ ತೆಗದಿಟ್ಟಿದ್ರು, ನಾ ಎತ್ಕೊಂಡು ಬಂದೆ. ಯಾಕಂದ್ರ ನಮ್ಮ ಕಾಕಾ ತೆಗೆದ ಸ್ಲೈಡ್ ಒಂದು ಡಬ್ಬಿ ತುಂಬ ಮನ್ಯಾಗ ಬಿದ್ದಾವ, ಬೀದರ್ ಕ್ವಾಟಿ, ಗವಾನ್ ಮದರಸಾ, ನಮ್ಮ ಕಲಬುರಗಿ ಕ್ವಾಟಿ ಒಳಗಿನ ಜಾಮಾ ಮಸೀದಿ, ಎಲ್ಲಾ 35 ಎಂಎಂ ಫಿಲ್ಮು, 2 ಇಂಚಿನ ಚೌಕ ಫ್ರೇಮು. ನಮ್ಮ ಕಡಿ ಒಣ ಹವಾಕ್ಕ ಫಂಗಸ್ ಹತ್ತಿಲ್ಲ, ಧೂಳು ಅಷ್ಟೇ. ಕೊಡಾಕ್ ಕಂಪನಿ 2004ರಾಗೇ ಸ್ಲೈಡ್ ಪ್ರೊಜೆಕ್ಟರ್ ಮಾಡೋದು ಬಂದ್ ಮಾಡ್ಯದ, ಹೊಸಾದು ಸಿಗ್ತದ ಅಂತ ಕುಂದ್ರೋದ್ರಾಗ ಅರ್ಥ ಇಲ್ಲ, ಹಳೇದು ಸಿಕ್ಕಿದ್ದೇ ರಿಪೇರಿ ಮಾಡ್ಕೋಬೇಕು.

ಚಾಲೂ ಮಾಡ್ದ್ರ ಫ್ಯಾನ್ ತಿರಗ್ತದ, ಸ್ಲೈಡ್ ಮುಂದ ಹೋಗ್ತದ, ಲೈಟ್ ಮಾತ್ರ ಇಲ್ಲ. ಪ್ಲಗ್ ತೆಗದು, ತಣ್ಣಗಾದ ಮ್ಯಾಲೆ ಬಲ್ಬ್ ಹೊರಗ ತೆಗದೆ, ಅರಬಿಲೇ ಹಿಡದು ತೆಗೀಬೇಕು, ಬರಿಗೈ ಮುಟ್ಟಿದ್ರ ಬೆವರಿಂದು ಉಪ್ಪು ಎಣ್ಣಿ ಗಾಜಿಗೆ ಹತ್ತಿ ಕಾದಾಗ ಅಲ್ಲೇ ಗಾಜು ಖರಾಬ್ ಆಗ್ತದ. ಒಳಗ ಫಿಲಮೆಂಟ್ ಹರದಿಲ್ಲ, ಮೀಟರ್ ಹಚ್ಚಿದ್ರ ಬೀಪ್ ಬಂತು. ಇಲ್ಲೊಂದು ಮಾತು: 24 ವೋಲ್ಟ್ 150 ವ್ಯಾಟ್ ಅಂದ್ರ ಲೆಕ್ಕದಾಗ 3.8 ಓಮ್ ತಡಿ (ಕರೆಂಟಿಗೆ ಅಡ್ಡಿ, ರೆಸಿಸ್ಟೆನ್ಸ್) ಬರ್ತದ, ಆದ್ರ ಅದು ಬಲ್ಬ್ ಕಾದು ಪೂರ್ತಿ ಉರಿಯೋ ಮುಂದಿನ ಲೆಕ್ಕ, ತಣ್ಣಗಿದ್ದಾಗ ಅರ್ಧ ಓಮೂ ಇರಂಗಿಲ್ಲ. ಅದನ್ನ ನೋಡಿ ಬಲ್ಬ್ ಶಾರ್ಟ್ ಆಗ್ಯದ ಅಂತ ಒಗೀಬ್ಯಾಡ್ರಿ.

ಇನ್ನ ಲೈಟಿಗೆ ಮಾತ್ರ ಕರೆಂಟ್ ಕಟ್ ಮಾಡೋವು ಒಂದೆರಡು ಅವ. ಸ್ವಿಚ್‌ನಾಗ ಮೊದಲನೇದು ಫ್ಯಾನು, ಎರಡನೇದು ಲೈಟು ಅಂತ ಇರ್ತದ, ಆ ಎರಡನೇ ಕಾಂಟ್ಯಾಕ್ಟ್ ಹೋಗಿರಬಹುದು. ಕೆಲವು ಮಾಡೆಲ್‌ದಾಗ ಬಲ್ಬಿನ ಮುಚ್ಚಳದ ಹಂತ್ಯಾಕ ಸಣ್ಣ ಸ್ವಿಚ್ ಇರ್ತದ, ಮುಚ್ಚಳ ನೆಟ್ಟಗ ಕುಂದ್ರಲಿಲ್ಲಂದ್ರ ಲೈಟ್ ಇಲ್ಲ. ನಂದ್ರಾಗ ಇವು ಸರಿ ಇದ್ವು. ಮತ್ತ ಫ್ಯಾನ್ ತಿರಗ್ತದ ಅಂದ್ರ ಟ್ರಾನ್ಸ್‌ಫಾರ್ಮರ್ ಪೂರಾ ಸರಿ ಅದ ಅಂತ ತಿಳ್ಕೋಬ್ಯಾಡ್ರಿ, ಭಾಳ ಮಷಿನ್‌ದಾಗ ಫ್ಯಾನ್ 230 ವೋಲ್ಟಿನ ಕಡಿಯಿಂದೇ ನಡೀತದ, ಬಲ್ಬಿಗೆ 24 ವೋಲ್ಟ್ ಕೊಡೋ ಟ್ರಾನ್ಸ್‌ಫಾರ್ಮರಿನ ವಾಯರ್ ಸುತ್ತು ಸುಟ್ಟು ಹೋಗಿದ್ರೂ ಫ್ಯಾನ್ ಪಾಡ ತಿರಗ್ಲಾಕತ್ತಿರ್ತದ.

ಹಂಗಾಗಿ ಬಲ್ಬಿನ ಸಾಕೆಟ್‌ದಾಗೇ ಮೀಟರ್ ಹಚ್ಚಿ ನೋಡ್ದೆ. ಎಸಿ 25ರ ಆಸುಪಾಸು ತೋರಸ್ತು. ಇಲ್ಲೇ ಎಲ್ಲಾರೂ ತಲಿ ಕೆಡಸ್ಕೋತಾರ, ಬಲ್ಬ್ ಸರಿ, ವೋಲ್ಟೇಜ್ ಸರಿ, ಮತ್ತ ಯಾಕ ಹತ್ತಂಗಿಲ್ಲ? ಮೀಟರ್ ಕರೆಂಟ್ ಎಳಿಯೋದೇ ಇಲ್ರಿ, ಡಿಜಿಟಲ್ ಮೀಟರಿನ ಒಳಗೇ ಸುಮಾರು 10 ಮೆಗಾ ಓಮ್ ತಡಿ ಇರ್ತದ, ಕೂದಲೆಳಿಯಷ್ಟು ಕನೆಕ್ಷನ್ ಇದ್ರೂ ಅದು ಪೂರ್ತಿ ವೋಲ್ಟೇಜ್ ತೋರಸ್ತದ. ನಳಕ್ಕ ಬೆರಳ ಒತ್ತಿ ಹಿಡದ್ರ ಪ್ರೆಶರ್ ಜೋರ್ ಅನ್ನಸ್ತದ, ಕೊಡ ಇಟ್ರ ತಾಸಾದ್ರೂ ತುಂಬಂಗಿಲ್ಲಲ್ಲ, ಅದೇ ತರ. ಬಲ್ಬಿಗೆ 6 ಆಂಪಿಯರ್ ಮ್ಯಾಲೆ ಬೇಕು, ಅದು ಬರ್ತದೋ ಇಲ್ಲೋ ಲೋಡ್ ಹಾಕೇ, ಅಂದ್ರ ಖರೇನೇ ಕರೆಂಟ್ ಎಳಿಯೋದೊಂದು ಹಚ್ಚೇ ನೋಡ್ಬೇಕು.

ಲೋಡಿಗೆ ಏನು? 24 ವೋಲ್ಟಂದ್ರ ಲಾರಿ. ಹುಮನಾಬಾದ್ ರಿಂಗ್ ರೋಡ್ ಕಡಿ ಲಾರಿ ವೈರಿಂಗ್ ಮಾಡೋ ಚಾಚಾನ ಹಂತ್ಯಾಕ ಹೋಗಿ, "ಚಾಚಾ, ಇಂಡಿಕೇಟರ್ ಬಲ್ಬ್ ಕೊಡ್ರಿ, 24ದು, ಹೋಲ್ಡರ್ ಸಹಿತ" ಅಂದೆ. "ಯಾ ಗಾಡಿದು?" ಅಂದ್ರು. "ಗಾಡಿದಲ್ರಿ, ಚಿತ್ರ ತೋರಸೋ ಮಷಿನ್ದು" ಅಂದ್ರ, "ಮಷಿನ್‌ದಾಗೂ ಇಂಡಿಕೇಟರ್ ಬರ್ತದೇನು" ಅಂತ ನಕ್ಕೋತ ಕೊಟ್ರು. 21 ವ್ಯಾಟಿಂದು, ಇದಕ್ಕ ಸಾಕು.

ಮೊದ್ಲು ಟ್ರಾನ್ಸ್‌ಫಾರ್ಮರಿನ 24ರ ತುದೀಗೆ ಹಚ್ಚಿದೆ, ಝಗ್ ಅಂತ ಹತ್ತಿತು. ಆಮ್ಯಾಲೆ ಸ್ವಿಚ್ ದಾಟಿ ಸಾಕೆಟಿಗೆ ಬರೋ ವಾಯರಿನ ತುದೀಗೆ, ಅಲ್ಲೂ ಹತ್ತಿತು. ಆಮ್ಯಾಲೆ ಸಾಕೆಟಿನ ತೂತಿನ್ಯಾಗ ಬಲ್ಬಿನ ಪಿನ್ನಿನಷ್ಟೇ ದಪ್ಪ ಇರೋ ಗಟ್ಟಿ ತಾಮ್ರದ ವಾಯರ್ ತುರುಕಿ ಹಚ್ಚಿದೆ. ಹತ್ತಲಿಲ್ಲ. ಅಲ್ಲಾಡಿಸಿದ್ರ ಮಿಣುಕ್ ಅಂತದ, ಮತ್ತ ಹೋಗ್ತದ. ಕಳ್ಳ ಸಿಕ್ಕ. ಪ್ರತಿಸಲ ಹಚ್ಚೋದು ತೆಗೆಯೋದು ಪ್ಲಗ್ ಕಿತ್ತಿಟ್ಟ ಮ್ಯಾಲೇ ಮಾಡೀನಿ, 24 ಶಾಕ್ ಹೊಡೀಲಿಕ್ಕಿಲ್ಲ ಆದ್ರ ಬಾಜೂಕೇ 230 ಅದ, ನೆನಪಿರಲಿ.

ಸಾಕೆಟ್ ಬಿಚ್ಚಿದ್ರ ಪಿಂಗಾಣಿ ಗಟ್ಟಿ ಇತ್ತು, ಒಳಗಿನ ಸ್ಪ್ರಿಂಗ್ ಪಟ್ಟಿ ಮಾತ್ರ ಕರ್ರಗ ನೀಲಿ ತಿರುಗಿ ಬಿಗಿನೇ ಕಳ್ಕೊಂಡಿತ್ತು. ಇದು ಒಮ್ಮಿಗೇ ಆಗಂಗಿಲ್ಲ. ಬರೇ ಅರ್ಧ ಓಮ್ ತಡಿ ಬಂತು ಅನ್ರಿ, 6 ಆಂಪಿಯರಿಗೆ 3 ವೋಲ್ಟ್ ಅಲ್ಲೇ ಬೀಳ್ತದ, ಅಂದ್ರ 18 ವ್ಯಾಟ್ ಬಿಸಿ ಆ ಕಿರುಬೆರಳಿನಷ್ಟು ಜಾಗಾದಾಗ. ಬಿಸಿಗೆ ಸ್ಪ್ರಿಂಗ್ ಸಡಿಲ, ಸಡಿಲಾದ್ರ ಇನ್ನ ಬಿಸಿ. ಮ್ಯಾಲೆ ಗಾಳಿ ಒಳಗ ಬರೋ ಜಾಳಿಗೆ ಧೂಳು ಗಟ್ಟಿಯಾಗಿ ಕುಂತಿತ್ತು, ನಮ್ಮೂರ ಮೇ ತಿಂಗಳ ಬಿಸಲು ಗೊತ್ತೇ ಅದಲ್ಲ.

ಪಾಲಿಶ್ ಪೇಪರ್ ತಿಕ್ಕಿ ನಡಸ್ರಿ ಅಂತ ಹೇಳವ್ರು ಅದಾರ, ನಾ ಒಪ್ಪಂಗಿಲ್ಲ, ತಿಕ್ಕಿದ್ರ ಹೊಳಪು ಬರ್ತದ, ಬಿಗಿ ಬರಂಗಿಲ್ಲ. ಸಾಕೆಟ್ಟೇ ಬದಲಿ ಮಾಡ್ಬೇಕು. ಇದರ ಹೆಸರು ಜಿ 6.35, ಎರಡು ಪಿನ್ನಿನ ನಡುವ 6.35 ಮಿಲಿಮೀಟರ್, ಅಂದ್ರ ಪಾವ್ ಇಂಚು. ಪೇಟಿ ಒಳಗ ಪ್ರೊಜೆಕ್ಟರ್ ಸಾಮಾನು ಅಂದ್ರ ಯಾರಿಗೂ ಗೊತ್ತಾಗಂಗಿಲ್ಲ, ಆದ್ರ ಮೈಕ್ರೋಸ್ಕೋಪಿಗೂ ದವಾಖಾನಿ ಲೈಟಿಗೂ ಇದೇ ಜಾತಿ ಬಲ್ಬ್ ಬರ್ತಾವ, ನಮ್ಮೂರಾಗ ದವಾಖಾನಿಗೇನು ಬರ, ಸರ್ಜಿಕಲ್ ಸಾಮಾನಿನ ಅಂಗಡಿ ಒಳಗ ಹೇಳಿ ತರಿಸ್ಕೊಂಡೆ. ವಾಯರ್ ಕಾವು ತಡಿಯೋದೇ ಇರ್ಬೇಕು, ಟೆಫ್ಲಾನ್ ಇಲ್ಲಾ ಗ್ಲಾಸ್ ಫೈಬರ್ ತೋಳಿಂದು. ಜೋಡಣಿ ಲಗ್ (ವಾಯರಿನ ತುದೀಗೆ ಹಾಕೋ ಲೋಹದ ತುಂಡು) ಹಾಕಿ ಒತ್ತೀನಿ, ಸೋಲ್ಡರ್ ಮಾಡಿಲ್ಲ, ಸಾದಾ ಸೋಲ್ಡರ್ 183 ಡಿಗ್ರಿಗೆ ಕರಗ್ಲಾಕ ಸುರು ಆಗ್ತದ, ಬಲ್ಬಿನ ಬುಡಕ್ಕ ಅದನ್ನ ನಂಬಂಗಿಲ್ಲ.

ಕಡೀಕ ಬಲ್ಬೂ ಹೊಸಾದೇ ತೊಗೊಂಡೆ ಅನ್ರಿ! ಹಳೇದರ ಪಿನ್ ಸುಟ್ಟು ಗುಂಡಿ ಬಿದ್ದಿದ್ವು, ಅಂಥಾದ್ದು ಹೊಸ ಸಾಕೆಟಿಗೆ ಹಾಕಿದ್ರ ಹೊಸ ಸ್ಪ್ರಿಂಗನ್ನೂ ಕೆಡಸ್ತದ. ಆದ್ರ ಇದೇ ಹೊಸ ಬಲ್ಬನ್ನ ಮೊದ್ಲೇ ತಂದು ಆ ಹಳೇ ಸಾಕೆಟಿಗೆ ಹಾಕಿದ್ರ ಇದರ ಪಿನ್ನೂ ಹಂಗೇ ಆಗ್ತಿದ್ವು.

ಹಿಂದ ವೋಲ್ಟೇಜ್ ಆರಿಸೋ ಚಾವಿ 220ಕ್ಕ ಇತ್ತು, 240ಕ್ಕ ತಿರುಗಿಸೀನಿ, ಹಂಗಾದ್ರ ಬಲ್ಬಿಗೆ ವೋಲ್ಟೇಜ್ ಒಂದ್ ಚೂರು ಕಡಿಮಿ ಹೋಗ್ತದ. 5 ಪರ್ಸೆಂಟ್ ವೋಲ್ಟೇಜ್ ಹೆಚ್ಚಾದ್ರ ಹ್ಯಾಲೋಜನ್ ಬಲ್ಬಿನ ಆಯುಷ್ಯ ಹೆಚ್ಚುಕಡಿಮಿ ಅರ್ಧಕ್ಕ ಬರ್ತದ, ಬೆಳಕು ಒಂದ್ ಚೂರು ಕಡಿಮಿ ಆದ್ರ ಏನಾಗ್ತದ. ನೋಡಾದ ಮ್ಯಾಲೆ ಲೈಟ್ ಆರಿಸಿ ಫ್ಯಾನ್ ಇನ್ನಷ್ಟು ಹೊತ್ತು ತಿರಗ್ಲಾಕ ಬಿಡ್ತೀನಿ, ಆಮ್ಯಾಲೇ ಪ್ಲಗ್. ಹಿಂದಿನ ಸ್ಲೈಡಿಗೆ ರಿವರ್ಸ್ ಹೋಗೋದು ಇನ್ನೂ ಕೆಲ್ಸ ಮಾಡವಲ್ದು, ಬಹುಶಃ ಒಳಗಿನ ರಬ್ಬರ್ ಬೆಲ್ಟ್ ಇರಬೇಕು, ಅಲ್ಲೀತನ ಟ್ರೇ ಕೈಲೇ ಸರಸ್ಲಾಕತ್ತೀನಿ.