ಕಡಲಬಂಡೆಯ ಹಕ್ಕಿಗಳನ್ನು ಕದಲಿಸದೆ ಎಣಿಸುವುದು ಹೇಗೆ

ಉತ್ತರ ಅಟ್ಲಾಂಟಿಕ್‌ನ ಕಡಿದಾದ ಕರಾವಳಿಯಲ್ಲಿ ಹಕ್ಕಿ ಎಣಿಸಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಎಲ್ಲಿ ನಿಲ್ಲಬೇಕು ಎಂಬುದನ್ನು. ಬಂಡೆಯ ನೆತ್ತಿಯಿಂದ ಬಗ್ಗಿ ನೋಡಲೇಬೇಡಿ. ಅಂಚು ಕುಸಿಯುವ ಅಪಾಯ ಒಂದು ಕಡೆಯಾದರೆ, ತಲೆಯ ಮೇಲೆ ದಿಢೀರನೆ ಕಂಡ ಆಕೃತಿಗೆ ಬೆದರಿ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದುಬಿಡುತ್ತವೆ. ಗಿಲ್ಲಿಮಾಟ್ ಎಂಬ ಕಡಲಹಕ್ಕಿ ಗೂಡು ಕಟ್ಟುವುದಿಲ್ಲ, ಬರಿಗಲ್ಲಿನ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಹಕ್ಕಿ ಗಾಬರಿಯಲ್ಲಿ ಹಾರಿದರೆ ಆ ಮೊಟ್ಟೆ ಉರುಳಿ ಕಡಲು ಸೇರುತ್ತದೆ. ಉರುಳದೆ ಉಳಿದದ್ದು ಗಲ್ ಹಕ್ಕಿಗಳ ಪಾಲು.

ಹಾಗಾಗಿ ಕೊಲ್ಲಿಯ ಎದುರು ದಡದಲ್ಲಿ ಟ್ರೈಪಾಡ್ ಮೇಲೆ ಸ್ಕೋಪ್ (ದೂರದರ್ಶಕ) ಇಟ್ಟು ನೋಡಿ. ಬಂಡೆಯ ಫೋಟೋ ಮುದ್ರಿಸಿಕೊಂಡು ಬಿರುಕು, ಹುಲ್ಲಿನ ಪಟ್ಟಿ, ಬಣ್ಣ ಬದಲಾಗುವ ಗೆರೆಗಳನ್ನೇ ಗಡಿಯಾಗಿಸಿ ತುಂಡುತುಂಡಾಗಿ ಗುರುತು ಹಾಕಿ. ಹಿಕ್ಕೆಯ ಬಿಳಿ ಕಲೆಯನ್ನು ಗಡಿ ಮಾಡಿಕೊಂಡರೆ ಕೆಟ್ಟಿರಿ, ಒಂದು ಜೋರು ಮಳೆಗೆ ಅದು ಮಾಯ.

ಗಿಲ್ಲಿಮಾಟ್ ಎಣಿಸಲು ಜೂನ್‌ನ ಮೊದಲ ಮೂರು ವಾರ, ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಸರಿಯಾದ ಹೊತ್ತು. ಮಳೆ, ಮಂಜು, ಜೋರುಗಾಳಿ ಇದ್ದರೆ ಅಂದು ಬಿಟ್ಟುಬಿಡಿ. ಮರಿಗಳು ಸುಮಾರು ಮೂರು ವಾರಕ್ಕೇ, ಇನ್ನೂ ಸರಿಯಾಗಿ ಹಾರಲು ಬಾರದಿರುವಾಗಲೇ, ನೀರಿಗೆ ಧುಮುಕುತ್ತವೆ. ಆಮೇಲಿನ ಎಣಿಕೆಗೆ ಅರ್ಥವಿಲ್ಲ. ದಿನದಿಂದ ದಿನಕ್ಕೆ ಸಂಖ್ಯೆ ಏರಿಳಿಯುವುದರಿಂದ ಕನಿಷ್ಠ ಐದು ಬೇರೆ ಬೇರೆ ದಿನ ಎಣಿಸಿ ಸರಾಸರಿ ತೆಗೆಯಿರಿ. ದೋಣಿ ಹತ್ತಿರ ಬಂದದ್ದನ್ನೂ ಗಿಡುಗ ಎರಗಿದ್ದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ಏನನ್ನು ಎಣಿಸುತ್ತೀರಿ ಎಂಬಲ್ಲೇ ಹೆಚ್ಚಿನವರು ಎಡವುವುದು. ಗಿಲ್ಲಿಮಾಟ್ ಮತ್ತು ಅದರ ಹತ್ತಿರದ ಬಂಧು ರೇಜರ್‌ಬಿಲ್‌ಗಳಲ್ಲಿ ಬಂಡೆಯ ಮೇಲಿರುವ ಒಂದೊಂದು ಹಕ್ಕಿಯೂ ಲೆಕ್ಕ. ಅದನ್ನು ಎರಡರಿಂದ ಭಾಗಿಸಿ ಜೋಡಿ ಎಂದು ಬರೆಯಬೇಡಿ, ಏಕೆಂದರೆ ಬಹಳಷ್ಟು ಜೋಡಿಗಳಲ್ಲಿ ಒಂದು ಹಕ್ಕಿ ಮೀನು ಹುಡುಕಿ ಹೋಗಿರುತ್ತದೆ. ಕಿಟ್ಟಿವೇಕ್ ಎಂಬ ಗಲ್ ಜಾತಿಯ ಹಕ್ಕಿ ಮಣ್ಣು, ಹುಲ್ಲು, ಕಡಲಪಾಚಿಯಿಂದ ಗೂಡು ಕಟ್ಟುವುದರಿಂದ ಅಲ್ಲಿ ಹಕ್ಕಿಯನ್ನಲ್ಲ, ಹಕ್ಕಿ ಇರುವ ಗೂಡನ್ನು ಎಣಿಸಿ. ನಿಂತ ಹಕ್ಕಿಗಳನ್ನೂ ಕೂಡಿಸಿದರೆ ಅಂಕಿ ಸುಮ್ಮನೆ ಉಬ್ಬುತ್ತದೆ.

ಪಫಿನ್ ಬೇರೆಯೇ ಕತೆ. ಬಿಲದಲ್ಲಿ ಮೊಟ್ಟೆ ಇಡುವ ಹಕ್ಕಿ ಅದು. ಬಿಲಗಳು ತುಂಬಿದ ಇಳಿಜಾರಿನಲ್ಲಿ ಕಾಲಿಟ್ಟರೆ ಸಡಿಲ ಮಣ್ಣಿನ ಚಾವಣಿ ಒಳಗಿನ ಮರಿಯ ಮೇಲೇ ಕುಸಿಯುತ್ತದೆ. ತರಬೇತಿ ಇಲ್ಲದವರು ಅತ್ತ ಹೋಗದಿರುವುದೇ ಮೇಲು.

ದ್ವೀಪಕ್ಕೆ ಇಳಿಯುವುದಾದರೆ ಚೀಲ, ಡಬ್ಬಿ, ಹಗ್ಗದ ಸುರುಳಿಗಳನ್ನು ದೋಣಿ ಹತ್ತುವ ಮೊದಲೇ ಬಿಚ್ಚಿ ನೋಡಿ. ಬಸುರಿ ಇಲಿ ಒಂದು ನುಸುಳಿದರೂ ಸಾಕು, ಬಿಲದ ಹಕ್ಕಿಗಳಿಗೆ ಉಳಿಗಾಲವಿಲ್ಲ. ಇಲಿ ಬಂದಿದೆಯೇ ಎಂದು ತಿಳಿಯಲು ಚಾಕೊಲೆಟ್ ವಾಸನೆ ಬೆರೆಸಿದ ಮೇಣದ ತುಂಡುಗಳನ್ನು ತಂತಿಗೆ ಸಿಕ್ಕಿಸಿ ನೆಲಮಟ್ಟದಲ್ಲಿ ಇಡುತ್ತಾರೆ. ಅಕ್ಕಪಕ್ಕದ ಎರಡು ಕಾಲುವೆಯಂಥ ಹಲ್ಲುಗುರುತು ಕಂಡರೆ ಮುಟ್ಟದೆ ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ದ್ವೀಪ ನೋಡಿಕೊಳ್ಳುವವರಿಗೆ ಅಂದೇ ಕಳಿಸಿ.