ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಪ್ರಾತಿನಿಧ್ಯವನ್ನು ಪರೀಕ್ಷಿಸಿ ಓದುವ ಬಗೆ

ಲೋಕವನ್ನು ಕಾಪಾಡುವ ಶಕ್ತಿ ಯಾರ ಕೈಯಲ್ಲಿದೆ ಎಂಬುದೇ ಸೂಪರ್‌ಹೀರೋ ಕಥೆಗಳ ತಿರುಳು. ಅಮೆರಿಕದ ಕಾಮಿಕ್ಸ್‌ಗಳಲ್ಲಿ ಆ ಶಕ್ತಿ ದಶಕಗಳ ಕಾಲ ಬಹುಮಟ್ಟಿಗೆ ಬಿಳಿಯ ಗಂಡಸರಲ್ಲೇ ಉಳಿದಿದ್ದರಿಂದ, ಬೇರೆ ಮಕ್ಕಳು ಅದೇ ಪುಟಗಳಲ್ಲಿ ತಮ್ಮಂಥವರನ್ನು ಆಳುಗಳಾಗಿಯೋ ಖಳರಾಗಿಯೋ ನಗೆಪಾಟಲಿನ ವಸ್ತುವಾಗಿಯೋ ನೋಡಬೇಕಾಯಿತು. ಇಂದು ಮುಖಪುಟಗಳಲ್ಲಿ ಹಲವು ಬಗೆಯ ಮುಖಗಳಿವೆ. ಅವುಗಳಿಗೆ ಕಥೆಯೊಳಗೂ ಸ್ಥಾನವಿದೆಯೇ ಎಂಬುದನ್ನು ಓದಿಯೇ ತಿಳಿಯಬೇಕು. ಮಕ್ಕಳಿಗೆ ಕಾಮಿಕ್ಸ್ ಆರಿಸಿಕೊಡುವ ತಂದೆತಾಯಂದಿರಿಗೆ ಮತ್ತು ಗ್ರಂಥಾಲಯಕ್ಕೆ ಪುಸ್ತಕ ತರಿಸುವವರಿಗೆ ನೆರವಾಗಲೆಂದು ಆ ಓದಿನ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಸಂಚಿಕೆಯ ವರ್ಷವನ್ನು ಗಮನಿಸಿ. 1941ರ ‘ಯಂಗ್ ಅಲೈಸ್’ನಲ್ಲಿದ್ದ ಕಪ್ಪು ಹುಡುಗ ವೈಟ್‌ವಾಶ್ ಜೋನ್ಸ್‌ನನ್ನು ಗೇಲಿಗಾಗಿಯೇ ವಿಕಾರವಾಗಿ ಚಿತ್ರಿಸಲಾಗಿತ್ತು. 1963ರ ಮೊದಲ ಎಕ್ಸ್-ಮೆನ್ ತಂಡದ ಐವರೂ ಬಿಳಿಯರೇ. ಇದು ತಿಳಿದಿದ್ದರೆ, 1966ರ ಜುಲೈ ತಿಂಗಳ ‘ಫೆಂಟಾಸ್ಟಿಕ್ ಫೋರ್’ 52ನೇ ಸಂಚಿಕೆಯಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಬ್ಲ್ಯಾಕ್ ಪ್ಯಾಂಥರ್ ಎಂಬ ಕಪ್ಪು ವೀರನನ್ನು ತಂದದ್ದು ಎಷ್ಟು ದೊಡ್ಡ ಹೆಜ್ಜೆ ಎಂಬುದು ಅರ್ಥವಾಗುತ್ತದೆ.

ಆ ಬಳಿಕ ಪಾತ್ರಕ್ಕೆ ಕಥೆಯಲ್ಲಿ ಯಾವ ಕೆಲಸ ಕೊಟ್ಟಿದ್ದಾರೆಂದು ಕೇಳಿಕೊಳ್ಳಿ. ಬ್ಲ್ಯಾಕ್ ಪ್ಯಾಂಥರ್ ಆದ ಟಿ’ಚಾಲಾ ಆಫ್ರಿಕಾದ ವಕಾಂಡದ ಅರಸ. ತನ್ನ ಬಲವನ್ನು ಒರೆಗೆ ಹಚ್ಚಲು ಫೆಂಟಾಸ್ಟಿಕ್ ಫೋರ್ ತಂಡದ ನಾಲ್ವರು ವೀರರನ್ನು ತಾನೇ ಬರಮಾಡಿಕೊಂಡು, ಯಂತ್ರಗಳಿಂದ ಕಟ್ಟಿದ ತನ್ನ ಕಾಡಿನಲ್ಲಿ ಅವರನ್ನು ಕಂಗೆಡಿಸುತ್ತಾನೆ. ಮೊದಲ ಭೇಟಿಯಲ್ಲೇ ಬುದ್ಧಿ, ಸಂಪತ್ತು, ಮುಂದಾಳುತನ ಮೂರೂ ಅವನ ಕಡೆಗಿವೆ. ಇದರ ಎದುರಿಗೆ ವಂಡರ್ ವುಮನ್‌ಳನ್ನು ಇಟ್ಟು ನೋಡಿ. ತಂಡದ ಗಂಡಸರಿಗೆ ಯಾವುದರಲ್ಲೂ ಕಡಿಮೆಯಿಲ್ಲದ ಅವಳನ್ನು 1940ರ ದಶಕದ ಜಸ್ಟಿಸ್ ಸೊಸೈಟಿ ಎಂಬ ವೀರರ ತಂಡ ಕಾರ್ಯದರ್ಶಿಯಾಗಿ ಸೇರಿಸಿಕೊಂಡು, ಅನೇಕ ಕಥೆಗಳಲ್ಲಿ ಸಾಹಸದಿಂದ ಹೊರಗೇ ಇಟ್ಟಿತ್ತು.

ಮೂರನೆಯ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು: ಒಂದು ಸಮುದಾಯದ ಇಡೀ ಭಾರವನ್ನು ಒಬ್ಬಳೇ ಹೊರುತ್ತಿದ್ದಾಳೆಯೇ, ಅಥವಾ ಅದೇ ಸಮುದಾಯದವರು ಪರಸ್ಪರ ಭಿನ್ನವಾಗಿ ಯೋಚಿಸುವಷ್ಟು ಜಾಗ ಕಥೆಯಲ್ಲಿದೆಯೇ? 2014ರಲ್ಲಿ ಆರಂಭವಾದ ‘ಮಿಸ್ ಮಾರ್ವೆಲ್’ ಸರಣಿಯ ನಾಯಕಿ ಕಮಲಾ ಖಾನ್ ಜರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಹದಿಹರೆಯದ ಹುಡುಗಿ. ಮೊದಲ ಸಂಚಿಕೆ ತೆರೆದುಕೊಳ್ಳುವುದೇ ಅಂಗಡಿಯೊಂದರಲ್ಲಿ ಅವಳು ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ತಿನ್ನದೆ, ಆಸೆಯಿಂದ ಮೂಸುತ್ತಾ ನಿಂತಿರುವ ದೃಶ್ಯದಿಂದ. ಅವಳ ಅಣ್ಣ ಅಪಾರ ದೈವಭಕ್ತ. ಗೆಳತಿ ನಾಕಿಯಾ ತಲೆವಸ್ತ್ರ ಧರಿಸುತ್ತಾಳೆ. ಅಪ್ಪನ ಒತ್ತಾಯವಿರಬೇಕೆಂದು ಸಹಪಾಠಿಯೊಬ್ಬಳು ಊಹಿಸಿದಾಗ, ಅದನ್ನು ತೆಗೆಯಬೇಕೆನ್ನುವುದೇ ತನ್ನ ಅಪ್ಪ ಎಂದು ನಾಕಿಯಾ ಉತ್ತರಿಸುತ್ತಾಳೆ. ಶಕ್ತಿ ಬಂದ ಕೂಡಲೇ ಕಮಲಾ ತನ್ನ ಆರಾಧ್ಯ ನಾಯಕಿಯ ಹೊಂಗೂದಲ ರೂಪ ತಾಳುತ್ತಾಳಾದರೂ, ಕೂದಲು ಮುಖಕ್ಕೆ ಬೀಳುತ್ತದೆ, ಬೂಟು ಕಾಲನ್ನು ಒತ್ತುತ್ತದೆ. ಬೇರೊಬ್ಬರಾಗಿ ಬದುಕುವುದು ಸುಸ್ತಿನ ಕೆಲಸವೆಂದು ಅವಳಿಗೆ ಅರಿವಾಗುತ್ತದೆ. ಇಷ್ಟನ್ನೂ ಉಪದೇಶವಿಲ್ಲದೆ ಹೇಳಿದ್ದರಿಂದಲೇ ಕಮಲಾ ಓದುಗರಿಗೆ ಆಪ್ತಳಾಗುತ್ತಾಳೆ.

ಕಾಮಿಕ್ಸ್ ಚಿತ್ರಕಲೆಯೂ ಹೌದಾದ್ದರಿಂದ, ಚಿತ್ರದ ರೀತಿಯನ್ನು ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ಮ್ಯಾಟ್ ಫ್ರ್ಯಾಕ್ಷನ್ ಬರೆದು ಡೇವಿಡ್ ಆಹಾ ಚಿತ್ರಿಸಿದ, 2014ರ ‘ಹಾಕ್‌ಐ’ 19ನೇ ಸಂಚಿಕೆಯಲ್ಲಿ ನಾಯಕ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಾನೆ. ಎದುರಿನವರು ಆಡುವ ಮಾತಿನ ಗುಳ್ಳೆಗಳು ಖಾಲಿಯಾಗಿವೆ. ಸಂಜ್ಞಾ ಭಾಷೆಯ ಕೈಸನ್ನೆಗಳನ್ನು ಅನುವಾದವಿಲ್ಲದೆ ಹಾಗೆಯೇ ಚಿತ್ರಿಸಲಾಗಿದೆ. ಕಿವಿ ಕೇಳುವ ಓದುಗರು ಇಲ್ಲಿ ತಡವರಿಸುತ್ತಾರೆ, ಸಂಜ್ಞಾ ಭಾಷೆ ಬಲ್ಲವರು ಸರಾಗವಾಗಿ ಮುಂದೆ ಹೋಗುತ್ತಾರೆ. ಇಂಥ ಪುಟಗಳನ್ನು ಅವಸರದಲ್ಲಿ ತಿರುವಿಹಾಕಬೇಡಿ.

ಬರಹಗಾರರು, ಚಿತ್ರಕಾರರು, ಸಂಪಾದಕರು ಯಾರೆಂದೂ ನೋಡಿ. ಕಮಲಾಳ ಸೃಷ್ಟಿಯಲ್ಲಿ ಪಾಕಿಸ್ತಾನಿ ಮೂಲದ ಸಂಪಾದಕಿ ಸನಾ ಅಮಾನತ್ ಅವರ ಬಾಲ್ಯದ ಅನುಭವವಿದೆ. ಮೊದಲ ಕಥೆಗಳನ್ನು ಬರೆದ ಜಿ. ವಿಲೋ ವಿಲ್ಸನ್ ಸ್ವತಃ ಇಸ್ಲಾಂ ಧರ್ಮವನ್ನು ಸ್ವೀಕರಿಸಿದವರು. 1993ರಲ್ಲಿ ಡ್ವೇನ್ ಮೆಕ್‌ಡಫಿ ಮತ್ತು ಸಂಗಡಿಗರು ಮೈಲ್‌ಸ್ಟೋನ್ ಎಂಬ ಕಪ್ಪು ಕಲಾವಿದರ ಒಡೆತನದ ಸಂಸ್ಥೆಯ ಮೂಲಕ ಐಕಾನ್, ಸ್ಟ್ಯಾಟಿಕ್ ಮುಂತಾದ ನಾಯಕರನ್ನು ಓದುಗರಿಗೆ ಕೊಟ್ಟರು. ಹೊರಗಿನವರು ಬರೆಯಬಾರದೆಂದು ಇದರರ್ಥವಲ್ಲ. ಟಿ’ಚಾಲಾನನ್ನು ಸೃಷ್ಟಿಸಿದ ಇಬ್ಬರೂ ಕಪ್ಪು ಜನಾಂಗದವರಲ್ಲ.

ಕೊನೆಯದಾಗಿ, ಪಾತ್ರ ಎಷ್ಟು ಕಾಲ ಬಾಳಿತು ಎಂಬುದನ್ನು ಹಿಂಬಾಲಿಸಿ. 1975ರಲ್ಲಿ ಹೊಸ ಎಕ್ಸ್-ಮೆನ್ ತಂಡದಲ್ಲಿ ಸ್ಟಾರ್ಮ್ ಎಂಬ ಕಪ್ಪು ನಾಯಕಿಯ ಜೊತೆಗೆ ಬಂದ, ಅಮೆರಿಕದ ಮೂಲನಿವಾಸಿ ಅಪಾಚೆ ಪಂಗಡದ ವೀರ ಥಂಡರ್‌ಬರ್ಡ್ ಮುಂದಿನ ಸಾಹಸದಲ್ಲೇ ಸತ್ತ. 1988ರ ‘ದ ಕಿಲ್ಲಿಂಗ್ ಜೋಕ್’ ಎಂಬ ಬ್ಯಾಟ್‌ಮ್ಯಾನ್ ಕಥೆಯಲ್ಲಿ, ಹಿಂದೆ ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್‌ಗೆ ಗುಂಡು ತಗಲುವುದು ಅವಳ ತಂದೆಯನ್ನು ನೋಯಿಸುವ ನೆಪಕ್ಕಾಗಿ ಮಾತ್ರ. ಆಕೆಯನ್ನು ಹಾಗೆಯೇ ಬಿಡಲೊಪ್ಪದ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಮರುವರ್ಷವೇ ಆಕೆಗೆ ಒರಾಕಲ್ ಎಂಬ ಹೊಸ ರೂಪ ಕೊಟ್ಟರು. ಗಾಲಿಕುರ್ಚಿಯಲ್ಲಿ ಕುಳಿತು, ಕಂಪ್ಯೂಟರಿನ ನೆರವಿನಿಂದ ವೀರರಿಗೆಲ್ಲ ದಾರಿ ತೋರುವ ಆ ಒರಾಕಲ್, 2011ರಲ್ಲಿ ಪ್ರಕಾಶಕರು ತಮ್ಮ ಸರಣಿಗಳನ್ನು ಹೊಸದಾಗಿ ಆರಂಭಿಸಿದಾಗ, ಮತ್ತೆ ನಡೆಯುವ ಬ್ಯಾಟ್‌ಗರ್ಲ್ ಆದಾಗ ಅನೇಕ ಅಂಗವಿಕಲ ಓದುಗರು ನೊಂದುಕೊಂಡರು, ಮತ್ತು ಅವರ ನೋವು ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ.

ಆರಂಭಿಸುವವರು ‘ಮಿಸ್ ಮಾರ್ವೆಲ್’ ಮೊದಲ ಸಂಪುಟವನ್ನು ಕೈಗೆತ್ತಿಕೊಳ್ಳಬಹುದು. ಹನ್ನೆರಡು ದಾಟಿದ ಮಕ್ಕಳಿಗೆ ಅದನ್ನು ನಿಶ್ಚಿಂತೆಯಿಂದ ಕೊಡಬಹುದು. ‘ದ ಕಿಲ್ಲಿಂಗ್ ಜೋಕ್’ ಹಿಂಸೆ ತುಂಬಿದ, ವಯಸ್ಕರ ಓದಿಗಾಗಿಯೇ ಇರುವ ಪುಸ್ತಕವಾದ್ದರಿಂದ ಮಕ್ಕಳ ಕಪಾಟಿನಿಂದ ದೂರವಿರಲಿ.